ದೂರದ ಬೊಂಬೆ ನುಣ್ಣಗೆ

ಮಳೆಗಾಲ ಬಂತೆಂದರೆ ಮಲೆನಾಡಿನ ಎಷ್ಟೋ ಒಳಊರುಗಳಿಗೆ ಬಸ್ಸು ಬರುವುದಿಲ್ಲ. ಹಳ್ಳ ತುಂಬಿ ಹರಿದ ದಿನ ಕಾಲುಸಂಕ ದಾಟಬೇಕಾದ ಮಕ್ಕಳು ಶಾಲೆ ತಪ್ಪಿಸಿ ಮನೆಯಲ್ಲೇ ಉಳಿಯುತ್ತಾರೆ. ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಟಾರು ರಸ್ತೆಗೆ ತರುವ ದೃಶ್ಯ ಇನ್ನೂ ಹಳೆಯ ಕಾಲದ ನೆನಪಾಗಿಲ್ಲ. ಆದರೆ ಅದೇ ಊರಿನ ಹತ್ತಿರದ ಪೇಟೆಗೆ, ಸಮುದ್ರದಾಚೆಯ ಗೋದಾಮಿನಿಂದ ಹೊರಟ ಪುಟ್ಟ ರಟ್ಟಿನ ಪೆಟ್ಟಿಗೆಯೊಂದು ಮಾತ್ರ ವಿಮಾನ, ಲಾರಿ, ಬಸ್ಸುಗಳನ್ನೇರಿ ತಪ್ಪದೆ ಬಂದು ಸೇರುತ್ತದೆ. ಅದರೊಳಗೆ ಔಷಧವಿಲ್ಲ, ಪುಸ್ತಕವಿಲ್ಲ, ಬೀಜವೂ ಇಲ್ಲ. ಅಂಗೈಯಗಲದ ಬೊಂಬೆಯೊಂದಿದೆ. ಅದನ್ನು ತರಿಸಿಕೊಂಡವರು ಮಗುವಿಗೆ ಆಡಲು ಕೊಡಲೆಂದು ತರಿಸಿದ್ದಲ್ಲ. ಕಾಲೇಜಿಗೆ ಹೋಗುವ ವಿದ್ಯಾರ್ಥಿ ತನ್ನ ಚೀಲಕ್ಕೆ ತೂಗುಹಾಕಲೆಂದೋ, ಕಪಾಟಿನಲ್ಲಿಟ್ಟು ಗೆಳೆಯರಿಗೆ ತೋರಿಸಲೆಂದೋ, ಮುಂದೊಂದು ದಿನ ಹೆಚ್ಚಿನ ಬೆಲೆಗೆ ಮಾರಲೆಂದೋ ತರಿಸಿಕೊಂಡದ್ದು.

ಸಂಗ್ರಹದ ಆಟಿಕೆಗಳೆಂಬ ಈ ಹೊಸ ವ್ಯಾಮೋಹ ಮಹಾನಗರಗಳ ಸಿರಿವಂತರಿಗೆ ಮಾತ್ರ ಅಂಟಿದ ರೋಗವೆಂದು ಬೆಟ್ಟದ ಜನ ನಿರ್ಲಕ್ಷಿಸುವ ಕಾಲ ಮುಗಿದಿದೆ. ಅಂಗೈಯ ಮೊಬೈಲಿನಲ್ಲಿ ಅಂಗಡಿ ತೆರೆದುಕೊಂಡಿರುವಾಗ ಘಟ್ಟ ಯಾವುದು, ಬಯಲು ಯಾವುದು? ಆದ್ದರಿಂದ ಈ ವ್ಯಾಪಾರದ ಒಳಗುಟ್ಟನ್ನು ಬಿಡಿಸಿ ನೋಡುವುದು, ಅದರ ನಿಜವಾದ ಬೆಲೆಯನ್ನು ಯಾರು ಯಾರು ತೆರುತ್ತಿದ್ದಾರೆಂದು ಲೆಕ್ಕ ಹಾಕುವುದು ಅಗತ್ಯವಾಗಿದೆ.

ಕಾಣುವ ಬೆಲೆ, ಕಾಣದ ಬೆಲೆ

ಈ ಹೊತ್ತಿನ ಅತ್ಯಂತ ಪ್ರಸಿದ್ಧ ಉದಾಹರಣೆ ‘ಲಬೂಬು’. ಮೊಲದ ಕಿವಿ, ಗರಗಸದಂಥ ಹಲ್ಲುಸಾಲು, ಮೈತುಂಬ ಕೃತಕ ತುಪ್ಪಳ ಇರುವ ಈ ಬೊಂಬೆಯ ಮೂಲ, ಕಾಸಿಂಗ್ ಲುಂಗ್ ಎಂಬ ಚಿತ್ರಕಲಾವಿದ 2015ರಲ್ಲಿ ರಚಿಸಿದ ಚಿತ್ರಕಥೆಯ ಪಾತ್ರ. ಬೀಜಿಂಗಿನಲ್ಲಿ 2010ರಲ್ಲಿ ಆರಂಭವಾದ ಪಾಪ್ ಮಾರ್ಟ್ ಎಂಬ ಕಂಪನಿ 2019ರಿಂದ ಅದನ್ನು ಬೊಂಬೆಯಾಗಿ ಮಾರತೊಡಗಿತು. 2024ರಲ್ಲಿ ಥಾಯ್ ಮೂಲದ ಪಾಪ್ ಗಾಯಕಿ ಲೀಸಾ ಅದನ್ನು ಮೆಚ್ಚಿ ತೋರಿಸಿದ ಮೇಲೆ ಏಷ್ಯಾದ ಯುವಜನರು ಅಂಗಡಿಗಳ ಮುಂದೆ ಸಾಲುಗಟ್ಟಿದರು. 2024ರ ಇಡೀ ವರ್ಷದಲ್ಲಿ ಕಂಪನಿಯ ವಹಿವಾಟು 1,304 ಕೋಟಿ ಯುವಾನ್ ಇದ್ದದ್ದು, 2025ರ ಮೊದಲ ಆರು ತಿಂಗಳಲ್ಲೇ 1,388 ಕೋಟಿ ಯುವಾನ್ ದಾಟಿತು. ಅದೇ ಆರು ತಿಂಗಳ ಲೆಕ್ಕಪತ್ರದ ಪ್ರಕಾರ ನೂರು ರೂಪಾಯಿ ಮಾರಾಟದಲ್ಲಿ ಸರಕಿನ ವೆಚ್ಚ ಕಳೆದು ಉಳಿದ ಒಟ್ಟು ಲಾಭ ಸುಮಾರು 70 ರೂಪಾಯಿ. ಎಂದರೆ ಕೊಳ್ಳುವವನು ಕೊಟ್ಟ ಹಣದಲ್ಲಿ ಮೂರನೆಯ ಒಂದು ಪಾಲು ಕೂಡ ಬೊಂಬೆಯನ್ನು ಮಾಡುವ ಖರ್ಚಿಗೆ ಹೋಗುವುದಿಲ್ಲ.

ಚೀನಾದ ಅಂಗಡಿಯಲ್ಲಿ ಈ ಸರಣಿಯ ಚಿಕ್ಕ ಬೊಂಬೆಗೆ 2025ರಲ್ಲಿ 99 ಯುವಾನ್, ಎಂದರೆ ಸುಮಾರು 1,200 ರೂಪಾಯಿ ಇತ್ತು. ಆದರೆ ಕರ್ನಾಟಕದ ವಿದ್ಯಾರ್ಥಿಗೆ ಅದು ಆ ಬೆಲೆಗೆ ಸಿಕ್ಕುವುದಿಲ್ಲ. ನಡುವೆ ಮರುಮಾರಾಟಗಾರ ಕುಳಿತಿರುತ್ತಾನೆ. ಅವನು 2,000 ರೂಪಾಯಿ ಹೇಳಿದನೆಂದು ಇಟ್ಟುಕೊಳ್ಳೋಣ. ವಿಮಾನದ ಸಾಗಣೆಗೆ 1,200 ರೂಪಾಯಿ. ಪರದೆಯ ಮೇಲೆ ಕಾಣುವುದು ಇಷ್ಟೇ; ವಿದ್ಯಾರ್ಥಿ ಗುಂಡಿ ಒತ್ತುವುದೂ ಇಷ್ಟನ್ನೇ ನಂಬಿ.

ನಿಜವಾದ ಲೆಕ್ಕ ಆಮೇಲೆ ಶುರುವಾಗುತ್ತದೆ. ಆಮದು ಸುಂಕವನ್ನು ಬೊಂಬೆಯ ಬೆಲೆಯ ಮೇಲಷ್ಟೇ ಹಾಕುವುದಿಲ್ಲ. ಬೆಲೆ, ಸಾಗಣೆ ವೆಚ್ಚ ಮತ್ತು ವಿಮೆ ಸೇರಿದ ಮೊತ್ತದ ಮೇಲೆ ಹಾಕುತ್ತಾರೆ. ಹೀಗೆ ಸುಂಕ ಸೇರಿದ ಮೊತ್ತದ ಮೇಲೆ ಮತ್ತೆ ಜಿಎಸ್‌ಟಿ ಬೀಳುತ್ತದೆ. ತೆರಿಗೆಯ ಮೇಲೂ ತೆರಿಗೆ. ಸುಂಕ ಶೇ. 20, ಜಿಎಸ್‌ಟಿ ಶೇ. 18 ಎಂದು ಹಿಡಿದರೆ 3,200 ರೂಪಾಯಿಗೆ 640 ರೂಪಾಯಿ ಸುಂಕ, ಆ 3,840 ರೂಪಾಯಿಗೆ 691 ರೂಪಾಯಿ ಜಿಎಸ್‌ಟಿ. ವಿದೇಶಿ ಹಣದಲ್ಲಿ ಪಾವತಿಸಿದ್ದಕ್ಕೆ ಬ್ಯಾಂಕು ಶೇ. 3.5ರಂತೆ ಕಡಿದುಕೊಂಡರೆ 112 ರೂಪಾಯಿ, ಅದರ ಮೇಲಿನ ತೆರಿಗೆ 20 ರೂಪಾಯಿ. ಸುಂಕದ ಕಾಗದಪತ್ರ ನೋಡಿಕೊಂಡದ್ದಕ್ಕೆ ಕೊರಿಯರ್ ಕಂಪನಿಯ ಶುಲ್ಕ 300 ರೂಪಾಯಿ. ಒಟ್ಟು 4,963 ರೂಪಾಯಿ. ಸುಂಕದ ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ, ಮಾರಾಟಗಾರನ ಬೆಲೆ ದಿನದಿನಕ್ಕೆ ಬದಲಾಗುತ್ತದೆ. ಆದರೆ ಲೆಕ್ಕದ ಈ ದಾರಿ ಬದಲಾಗುವುದಿಲ್ಲ. ಎರಡು ಸಾವಿರದ ಬೊಂಬೆ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಎರಡೂವರೆ ಪಟ್ಟಾಗುತ್ತದೆ.

2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ ಎಂದು ನಿಗದಿಯಾಗಿತ್ತು. ಆ ಲೆಕ್ಕದಲ್ಲಿ ಒಂದು ಬೊಂಬೆಯೆಂದರೆ ಒಬ್ಬ ತಾಯಿ ಹದಿಮೂರು ದಿನಕ್ಕೂ ಹೆಚ್ಚು ಕಾಲ ಇಂಗುಗುಂಡಿ ತೋಡಿದ, ಮಣ್ಣು ಹೊತ್ತ ಬೆವರು. ಹಾಸ್ಟೆಲ್ಲಿಗೆಂದು ಮನೆಯಿಂದ ಬಂದ ಹಣದಲ್ಲಿ ಅದನ್ನು ಕೊಂಡ ಮಗನಿಗೋ ಮಗಳಿಗೋ ಈ ಲೆಕ್ಕವನ್ನು ಯಾವ ಮೊಬೈಲ್ ಅಂಗಡಿಯೂ ತೋರಿಸುವುದಿಲ್ಲ.

ಸುಂಕ ತಪ್ಪಿಸುವ ಉಪಾಯವನ್ನೂ ಕೆಲವು ಮಾರಾಟಗಾರರೇ ಹೇಳಿಕೊಡುತ್ತಾರೆ. ಪೊಟ್ಟಣದ ಮೇಲೆ ‘ಉಡುಗೊರೆ’ ಎಂದು ಬರೆದು, ಬೆಲೆಯನ್ನು ಕಡಿಮೆ ನಮೂದಿಸಿ ಕಳಿಸುತ್ತಾರೆ. ಆದರೆ 2019ರ ಡಿಸೆಂಬರ್‌ನಲ್ಲೇ ಭಾರತ ಸರ್ಕಾರ ಈ ಬಾಗಿಲನ್ನು ಮುಚ್ಚಿದೆ. ರಾಖಿ ಮತ್ತು ಜೀವರಕ್ಷಕ ಔಷಧಗಳ ಹೊರತು, ಅಂಚೆ ಅಥವಾ ಕೊರಿಯರ್ ಮೂಲಕ ಬರುವ ಸರಕನ್ನು ಉಡುಗೊರೆಯೆಂದು ಬಿಡಿಸಿಕೊಳ್ಳುವುದಕ್ಕೆ ನಿಷೇಧವಿದೆ. ಸುಂಕದ ಕಟ್ಟೆಯಲ್ಲಿ ಪೊಟ್ಟಣ ಸಿಕ್ಕಿಬಿದ್ದರೆ ಹಣ ಕಳೆದುಕೊಳ್ಳುವವನು ಕೊಂಡವನೇ ಹೊರತು ಮಾರಿದವನಲ್ಲ. ಸಮುದ್ರದಾಚೆಯ ಆ ಹೆಸರಿಲ್ಲದ ವ್ಯಾಪಾರಿಯನ್ನು ಯಾವ ತಾಲೂಕಿನ, ಯಾವ ಜಿಲ್ಲೆಯ ಗ್ರಾಹಕರ ವೇದಿಕೆಗೆ ಎಳೆದು ತರಲು ಸಾಧ್ಯ?

ಮುಚ್ಚಿದ ಪೆಟ್ಟಿಗೆಯ ಜೂಜು

ಇಷ್ಟೆಲ್ಲ ತೆತ್ತರೂ ಬಯಸಿದ ಬೊಂಬೆಯೇ ಬರುತ್ತದೆಂಬ ಭರವಸೆಯಿಲ್ಲ. ಈ ಬೊಂಬೆಗಳು ಬರುವುದು ಒಳಗೇನಿದೆಯೆಂದು ಹೊರಗೆ ತಿಳಿಯದ ಮುಚ್ಚಿದ ಪೆಟ್ಟಿಗೆಗಳಲ್ಲಿ. ಒಂದು ಸರಣಿಯಲ್ಲಿ ಆರು ಬಣ್ಣದ ಬೊಂಬೆಗಳು. ಜೊತೆಗೆ ಪಟ್ಟಿಯಲ್ಲಿ ಹೆಸರಿಲ್ಲದ ಒಂದು ‘ರಹಸ್ಯ’ ಬೊಂಬೆ. ಅದು ಸಿಕ್ಕುವ ಸಾಧ್ಯತೆ 72ಕ್ಕೆ ಒಂದು ಎಂದು ಕಂಪನಿಯೇ ಹೇಳುತ್ತದೆ.

ಪಿಯುಸಿ ಗಣಿತ ಓದಿದ ಯಾವ ವಿದ್ಯಾರ್ಥಿಯೂ ಇದರ ಅರ್ಥವನ್ನು ತಾನೇ ಬಿಡಿಸಬಹುದು. ಆರು ಬೊಂಬೆಗಳೂ ಸಮಾನವಾಗಿ ಸಿಕ್ಕುವ ಸಾಧ್ಯತೆಯಿದ್ದು, ಪೆಟ್ಟಿಗೆಗಳನ್ನು ಒಂದೊಂದಾಗಿ ಕೊಳ್ಳುತ್ತ ಹೋದರೆ, ಆರನ್ನೂ ಕೂಡಿಸಲು ಸರಾಸರಿ 14.7 ಪೆಟ್ಟಿಗೆ ಬೇಕು. ಆರಕ್ಕೆ ಹದಿನೈದರ ದುಡ್ಡು. ಉಳಿದ ಒಂಬತ್ತು, ಈಗಾಗಲೇ ಇರುವ ಬೊಂಬೆಗಳ ಪುನರಾವೃತ್ತಿ. ಆರು ಪೆಟ್ಟಿಗೆಗಳ ಪೂರ್ಣ ಕಟ್ಟನ್ನೇ ಕೊಂಡರೆ ಈ ನಷ್ಟ ತಪ್ಪುತ್ತದೆಂಬುದು ನಿಜ. ಆದರೆ ಒಂದೇ ಬೊಂಬೆ ಬೇಕಾದವನು ಆರರ ಹಣವನ್ನು ಒಮ್ಮೆಗೇ ಹಾಕಬೇಕು. ಇನ್ನು ಆ ರಹಸ್ಯ ಬೊಂಬೆ: ಒಬ್ಬೊಬ್ಬರೂ ಬಿಡಿಬಿಡಿಯಾಗಿ 72 ಪೆಟ್ಟಿಗೆ ಕೊಂಡರೂ ನೂರರಲ್ಲಿ ಮೂವತ್ತಾರು ಜನರಿಗೆ ಅದು ಸಿಕ್ಕಿರುವುದಿಲ್ಲ. ‘72ಕ್ಕೆ ಒಂದು’ ಎಂದರೆ ಎಪ್ಪತ್ತೆರಡನೆಯದರಲ್ಲಿ ಖಂಡಿತ ಎಂದಲ್ಲ. ಈ ತಪ್ಪು ತಿಳಿವಳಿಕೆಯ ಮೇಲೆಯೇ ಜಗತ್ತಿನ ಎಲ್ಲ ಜೂಜುಕಟ್ಟೆಗಳೂ ನಿಂತಿವೆ.

ಮಲೆನಾಡಿಗರಿಗೆ ಈ ಆಟ ಹೊಸದೇನಲ್ಲ. ಜಾತ್ರೆಯ ಅಂಗಡಿಯಲ್ಲಿ ರಟ್ಟಿನ ಮೇಲೆ ಅಂಟಿಸಿದ ಚೀಟಿ ಕೀಳುವ ಆಟವನ್ನು ಕಂಡವರೆಷ್ಟೋ ಮಂದಿ. ಅಡಿಕೆ ಕೊಯ್ಲಿನ ಕೂಲಿಯನ್ನು ಸಂಜೆಯೊಳಗೆ ಒಂದಂಕಿ ಲಾಟರಿಗೆ ಸುರಿದು ಬರಿಗೈಯಲ್ಲಿ ಮನೆ ಸೇರಿದವರನ್ನೂ ಈ ನೆಲ ಕಂಡಿದೆ. ಮನೆಮನೆಯ ಹೆಂಗಸರ ಕಣ್ಣೀರಿಗೆ ಕಾರಣವಾಗಿದ್ದ ಆ ಲಾಟರಿಯನ್ನು ಕರ್ನಾಟಕ ಸರ್ಕಾರ 2007ರಲ್ಲಿ ನಿಷೇಧಿಸಿತು. ಅಂದು ಹೊರಗೆ ಹೋದ ಲಾಟರಿ ಇಂದು ಬಣ್ಣದ ಪೆಟ್ಟಿಗೆಯಲ್ಲಿ, ಮುದ್ದಾದ ಬೊಂಬೆಯ ವೇಷದಲ್ಲಿ ಮರಳಿ ಬಂದಿದೆ. ಸ್ವತಃ ಚೀನಾ ಸರ್ಕಾರವೇ ಇದರ ಅಪಾಯವನ್ನು ಮನಗಂಡು 2023ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿ, ಎಂಟು ವರ್ಷದೊಳಗಿನ ಮಕ್ಕಳಿಗೆ ಮುಚ್ಚಿದ ಪೆಟ್ಟಿಗೆಗಳ ಮಾರಾಟವನ್ನು ತಡೆಯಿತು; ಅದಕ್ಕೂ ಮೇಲ್ಪಟ್ಟ ಮಕ್ಕಳಿಗೆ ಪೋಷಕರ ಒಪ್ಪಿಗೆ ಬೇಕೆಂದಿತು. ತಯಾರಾಗುವ ದೇಶದಲ್ಲೇ ಮಕ್ಕಳಿಂದ ದೂರವಿಡಬೇಕೆನಿಸಿದ ಸರಕು, ಇಲ್ಲಿನ ಮಕ್ಕಳ ಮೊಬೈಲಿಗೆ ಯಾವ ಅಡೆತಡೆಯೂ ಇಲ್ಲದೆ ಬರುತ್ತಿದೆ.

ಕೃತಕ ಬರದ ಬೆಳೆ

‘ಇದು ಖರ್ಚಲ್ಲ, ಹೂಡಿಕೆ’ ಎಂಬ ವಾದವೊಂದು ಯುವಜನರ ನಡುವೆ ಚಲಾವಣೆಯಲ್ಲಿದೆ. 2025ರ ಜೂನ್‌ನಲ್ಲಿ ಬೀಜಿಂಗಿನ ಹರಾಜೊಂದರಲ್ಲಿ ಆಳೆತ್ತರದ ಲಬೂಬು ಬೊಂಬೆ 10 ಲಕ್ಷದ 80 ಸಾವಿರ ಯುವಾನ್‌ಗೆ, ಎಂದರೆ ಸುಮಾರು ಒಂದೂಕಾಲು ಕೋಟಿ ರೂಪಾಯಿಗೆ ಮಾರಾಟವಾದ ಸುದ್ದಿ ಈ ವಾದಕ್ಕೆ ರೆಕ್ಕೆ ಕಟ್ಟಿತು. ಆದರೆ ಅದೇ ತಿಂಗಳು ನಡೆದ ಇನ್ನೊಂದು ಸಂಗತಿ ಅಷ್ಟು ಪ್ರಚಾರ ಪಡೆಯಲಿಲ್ಲ. ಕಂಪನಿ ಹೊಸ ದಾಸ್ತಾನನ್ನು ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಿಟ್ಟ ಕೂಡಲೇ ಮರುಮಾರಾಟದ ಬೆಲೆಗಳು ಧಡಕ್ಕನೆ ಕುಸಿದವು. ಕೊರತೆಯಿಂದ ಹುಟ್ಟಿದ ಬೆಲೆ ಕೊರತೆ ನೀಗಿದೊಡನೆ ಸತ್ತಿತು.

ಭತ್ತದ ಗದ್ದೆಗೆ ಬರ ಬಂದರೆ ಅದು ಮಳೆಯ ಮುನಿಸು. ಬೊಂಬೆಗೆ ಬಂದ ಬರ ಕಂಪನಿಯ ಕಾರ್ಯತಂತ್ರ. ಯಂತ್ರ ಇನ್ನೊಂದು ದಿನ ಓಡಿದರೆ ಇನ್ನೊಂದು ಲಕ್ಷ ಬೊಂಬೆ ಉದುರಬಹುದೆಂದು ಗೊತ್ತಿದ್ದೂ, ಸಿಕ್ಕುವುದಿಲ್ಲವೆಂಬ ಭಯವನ್ನು ಬಿತ್ತಿ ಬೆಲೆಯ ಬೆಳೆ ತೆಗೆಯಲಾಗುತ್ತದೆ. ಇಲ್ಲಿ ಮಾರಾಟವಾಗುತ್ತಿರುವ ನಿಜವಾದ ಸರಕು ಆ ಭಯವೇ.

ಇತಿಹಾಸದಲ್ಲಿ ಇದಕ್ಕೆ ಪಾಠವಿದೆ. 1990ರ ದಶಕದಲ್ಲಿ ಅಮೆರಿಕದ ಟೈ ಎಂಬ ಕಂಪನಿ ‘ಬೀನಿ ಬೇಬೀಸ್’ ಹೆಸರಿನ ಪುಟ್ಟ ಬಟ್ಟೆಬೊಂಬೆಗಳನ್ನು ಹೊರತಂದಿತು. ಅಂಗಡಿಗಳಿಗೆ ಎಣಿಸಿ ಕೊಡುವುದು, ಒಂದೊಂದೇ ಬೊಂಬೆಯನ್ನು ‘ನಿವೃತ್ತ’ಗೊಳಿಸುವುದು ಅದರ ಉಪಾಯ. ಆಗತಾನೇ ಹುಟ್ಟಿದ್ದ ಇಬೇ ಜಾಲದ ಹರಾಜುಕಟ್ಟೆಯಲ್ಲಿ ಈ ಬೊಂಬೆಗಳ ವ್ಯಾಪಾರ ಉಕ್ಕಿ ಹರಿಯಿತು. ಮಕ್ಕಳ ಕಾಲೇಜು ಶುಲ್ಕಕ್ಕಾದೀತೆಂದು ಜನ ಅವುಗಳನ್ನು ಪೆಟ್ಟಿಗೆ ತುಂಬಿಟ್ಟರು. 1999ರಲ್ಲಿ ಲಾಸ್ ವೇಗಾಸ್‌ನ ನ್ಯಾಯಾಲಯವೊಂದರಲ್ಲಿ ವಿಚ್ಛೇದನ ಪಡೆದ ದಂಪತಿ ನೆಲದ ಮೇಲೆ ಕುಳಿತು ತಮ್ಮ ಬೊಂಬೆಗಳನ್ನು ಒಂದೊಂದಾಗಿ ಪಾಲು ಮಾಡಿಕೊಂಡ ಛಾಯಾಚಿತ್ರ ಲೋಕಪ್ರಸಿದ್ಧವಾಯಿತು. ಆ ವರ್ಷದ ಕೊನೆಗೆ ಎಲ್ಲ ಬೊಂಬೆಗಳನ್ನೂ ನಿವೃತ್ತಗೊಳಿಸುವುದಾಗಿ ಕಂಪನಿ ಸಾರಿತು. ಬೆಲೆ ಏರಲಿಲ್ಲ, ಮಾರುಕಟ್ಟೆಯೇ ಮಗುಚಿಬಿತ್ತು. ಬಹುಪಾಲು ಬೊಂಬೆಗಳು ಇಂದು ಕೊಂಡ ಬೆಲೆಯನ್ನೂ ತಾರವು. ಕಂಪನಿ ಮಾತ್ರ ತನ್ನ ಲಾಭವನ್ನು ಎಂದೋ ಎಣಿಸಿಕೊಂಡಾಗಿತ್ತು.

ವೆನಿಲಾ ಬಳ್ಳಿಯ ಹಿಂದೆ ಓಡಿ, ಬೆಲೆ ನೆಲಕಚ್ಚಿದಾಗ ತೋಟದಲ್ಲಿ ಕುಸಿದು ಕುಳಿತ ನೆನಪು ಮಲೆನಾಡಿನ ರೈತರಲ್ಲಿ ಇನ್ನೂ ಮಾಸಿಲ್ಲ. ವೆನಿಲಾ ಬೆಳೆದವನ ಬಳಿ ಕಡೆಗೆ ತೋಟದ ಮಣ್ಣಾದರೂ ಉಳಿದಿತ್ತು. ಬೊಂಬೆ ಕೂಡಿಟ್ಟವನ ಬಳಿ ಏನು ಉಳಿದೀತು?

ಆಟಿಕೆಯಲ್ಲದ ಆಟಿಕೆ

ಮಕ್ಕಳ ಆಟಿಕೆಯಲ್ಲಿ ವಿಷವಿರಬಾರದೆಂಬುದು ಎಲ್ಲ ದೇಶಗಳೂ ಒಪ್ಪಿದ ಮಾತು. ಆದರೂ 2007ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಸೀಸದ ಬಣ್ಣ ಮತ್ತು ಸಡಿಲವಾದ ಅಯಸ್ಕಾಂತಗಳ ಕಾರಣಕ್ಕೆ ಕೋಟಿಗೂ ಮಿಕ್ಕಿದ ಆಟಿಕೆಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2010ರ ಆರಂಭದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿಸಿದ ಎಲ್ಲ ಆಟಿಕೆಗಳಲ್ಲೂ ಪ್ಲಾಸ್ಟಿಕ್ಕನ್ನು ಮೆದುಗೊಳಿಸುವ ಥ್ಯಾಲೇಟ್ ರಾಸಾಯನಿಕಗಳು ಕಂಡುಬಂದವು. 2019ರಲ್ಲಿ ಭಾರತೀಯ ಗುಣಮಟ್ಟ ಮಂಡಳಿ ನಡೆಸಿದ ಪರೀಕ್ಷೆಯಲ್ಲಿ ಆಮದಾದ ಆಟಿಕೆಗಳ ಮಾದರಿಗಳಲ್ಲಿ ಶೇ. 66.90ರಷ್ಟು ಅನುತ್ತೀರ್ಣವಾದವು. ಇದರ ಫಲವಾಗಿ 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಯಿತು. ಅಂಗಡಿಯ ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿತು.

ಕಾನೂನಿನ ಬೇಲಿ ಹೀಗೆ ಎತ್ತರವಾದಾಗ ವ್ಯಾಪಾರ ಬೇಲಿಯ ಕೆಳಗಿನ ಕಂಡಿಯನ್ನು ಹುಡುಕಿಕೊಂಡಿತು. ಆ ನಿಯಮಗಳ ಪ್ರಕಾರ ಆಟಿಕೆಯೆಂದರೆ 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಮಾಡಿದ ವಸ್ತು. ಸಂಗ್ರಹದ ಬೊಂಬೆಗಳ ಪೆಟ್ಟಿಗೆಯ ಮೇಲೆ ‘15 ವರ್ಷ ಮೇಲ್ಪಟ್ಟವರಿಗೆ’ ಎಂದು ಅಚ್ಚಾಗಿರುತ್ತದೆ. ಬೊಂಬೆಯ ರೂಪ ಮಗುವನ್ನು ಕರೆಯುತ್ತದೆ, ಬಣ್ಣ ಮಗುವನ್ನು ಕರೆಯುತ್ತದೆ. ಚೀಟಿಯ ಒಂದು ಸಾಲು ಮಾತ್ರ ‘ಇದು ಮಕ್ಕಳದ್ದಲ್ಲ’ ಎಂದು ಕೈತೊಳೆದುಕೊಳ್ಳುತ್ತದೆ. ಅಕ್ಕ ಕೊಂಡು ತಂದ ಬೊಂಬೆಯನ್ನು ತೊಟ್ಟಿಲ ತಮ್ಮ ಬಾಯಿಗಿಡುವುದಿಲ್ಲವೆಂದು ಯಾವ ಮನೆಯಲ್ಲಿ ಹೇಳಲಾದೀತು? ಒಂದೊಂದೇ ಪೊಟ್ಟಣವಾಗಿ ವಿದೇಶದಿಂದ ನೇರ ಬರುವ ಬೊಂಬೆಯನ್ನು ಇಲ್ಲಿನ ಯಾವುದಾದರೂ ಪ್ರಯೋಗಾಲಯ ಪರೀಕ್ಷಿಸಿದೆಯೆಂಬ ಖಾತರಿಯಿಲ್ಲ.

ಕಡಿಮೆ ಬೆಲೆಗೆ ಸಿಕ್ಕಿತೆಂದು ಹಿಗ್ಗುವವರಿಗೆ ಇನ್ನೊಂದು ಗಂಡಾಂತರವಿದೆ. ‘ಲಫೂಫು’ ಎಂದೇ ಹೆಸರಾದ ನಕಲಿ ಬೊಂಬೆಗಳು ಜಗತ್ತಿನಾದ್ಯಂತ ಹರಡಿವೆ. ಅವುಗಳ ಭಾಗಗಳು ಸುಲಭವಾಗಿ ಕಳಚಿ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2025ರ ಆಗಸ್ಟ್‌ನಲ್ಲಿ ತುರ್ತು ಎಚ್ಚರಿಕೆ ನೀಡಿತು. ಅಸಲಿಗೆ ಕಾಸು ಸಾಲದು, ನಕಲಿಗೆ ಸುರಕ್ಷೆಯಿಲ್ಲ.

ಹಳ್ಳ ಸೇರುವ ಬಾಕಿ

ಇಲ್ಲಿಯವರೆಗಿನ ಲೆಕ್ಕವನ್ನು ಕೊಂಡವನೇ ತೆರುತ್ತಾನೆ. ಮುಂದಿನದ್ದನ್ನು ಕೊಳ್ಳದವರು ತೆರಬೇಕು. ಬೊಂಬೆಯ ಮುಖ ಪಿವಿಸಿ, ಮೈ ಪಾಲಿಯೆಸ್ಟರ್ ತುಪ್ಪಳ. ಅದರ ಸುತ್ತ ಪದರಪದರದ ಹೊಳಪಿನ ಚೀಲ, ಅದರ ಮೇಲೆ ಬಣ್ಣದ ರಟ್ಟು, ಅದಕ್ಕೊಂದು ಗುಳ್ಳೆ ಪ್ಲಾಸ್ಟಿಕ್ಕಿನ ಹೊದಿಕೆ, ಕೊನೆಗೆ ಕೊರಿಯರ್ ಕಂಪನಿಯ ಇನ್ನೊಂದು ಪ್ಲಾಸ್ಟಿಕ್ ಚೀಲ. ಹಡಗಿನಲ್ಲಿ ತಿಂಗಳುಗಟ್ಟಲೆ ಕಾಯುವ ತಾಳ್ಮೆಯಿಲ್ಲದ್ದರಿಂದ ಇದೆಲ್ಲ ಬರುವುದು ವಿಮಾನದಲ್ಲಿ. ಅಷ್ಟೇ ಭಾರವನ್ನು ಅಷ್ಟೇ ದೂರ ಸಾಗಿಸಲು ವಿಮಾನ ಹಡಗಿಗಿಂತ ಹತ್ತಾರು ಪಟ್ಟು ಹೆಚ್ಚು ಇಂಗಾಲವನ್ನು ಗಾಳಿಗೆ ಬಿಡುತ್ತದೆ. ಮುಂಗಾರು ಕಾಲ ತಪ್ಪಿದಾಗ, ಒಂದೇ ರಾತ್ರಿ ತಿಂಗಳ ಮಳೆ ಸುರಿದು ಗುಡ್ಡ ಜಾರಿದಾಗ ಅದರ ಬಾಕಿಯನ್ನು ಕಟ್ಟುವವರು ಘಟ್ಟದ ಅಂಚಿನಲ್ಲಿ ಬದುಕುವವರು.

ವ್ಯಾಮೋಹ ತೀರಿದ ಮೇಲೆ ಈ ಬೊಂಬೆ ಎಲ್ಲಿಗೆ ಹೋಗುತ್ತದೆ? ತುಪ್ಪಳವನ್ನು ಪಿವಿಸಿಯಿಂದ ಬೇರ್ಪಡಿಸಿ ಮರುಬಳಕೆ ಮಾಡುವ ವ್ಯವಸ್ಥೆ ಪಂಚಾಯಿತಿಯ ಕಸದ ಘಟಕದಲ್ಲಿಲ್ಲ. ಗುಜರಿಯವನು ಕೊಳ್ಳುವುದಿಲ್ಲ. 2022ರ ಜುಲೈ 1ರಿಂದ ಜಾರಿಯಾದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಪ್ಲಾಸ್ಟಿಕ್ ಕಡ್ಡಿ, ಚಮಚಗಳಿವೆ; ಈ ಬೊಂಬೆಯ ಹೊಳಪಿನ ಚೀಲ ಅದರಲ್ಲಿಲ್ಲ. ಹೀಗಾಗಿ ಉಳಿಯುವುದು ಎರಡೇ ದಾರಿ: ಹಳ್ಳದ ದಂಡೆ, ಇಲ್ಲವೇ ಬಚ್ಚಲ ಒಲೆ.

ಎರಡನೆಯದರ ಬಗ್ಗೆ ಮಲೆನಾಡಿನ ಮನೆಗಳು ವಿಶೇಷವಾಗಿ ಎಚ್ಚರಗೊಳ್ಳಬೇಕಾಗಿದೆ. ಸ್ನಾನದ ಹಂಡೆಯ ಒಲೆಗೆ ಕಟ್ಟಿಗೆಯ ಜೊತೆ ಮನೆಯ ಪ್ಲಾಸ್ಟಿಕ್ಕನ್ನೂ ತುರುಕುವ ಅಭ್ಯಾಸ ಊರೂರಿಗೆ ಹಬ್ಬಿದೆ. ಪಿವಿಸಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಏಳುತ್ತದೆ. ಒಲೆಯ ಅರೆಬೆಂಕಿಯಲ್ಲಿ ಕ್ಯಾನ್ಸರ್‌ಕಾರಕ ಡಯಾಕ್ಸಿನ್‌ಗಳು ಹುಟ್ಟುತ್ತವೆ. ಆ ಹೊಗೆಯನ್ನು ಮೊದಲು ಕುಡಿಯುವವಳು ಬೆಳಗಿನ ಜಾವ ಒಲೆ ಊದುವ ಮನೆಯ ಹೆಂಗಸು. ಅದೇ ಬೂದಿ ಮರುದಿನ ತೆಂಗಿನ ಬುಡಕ್ಕೆ, ಸೊಪ್ಪಿನ ಮಡಿಗೆ ಬೀಳುತ್ತದೆ. ಹಳ್ಳಕ್ಕೆ ಎಸೆದದ್ದು ತುಂಗೆ, ಶರಾವತಿ, ಅಘನಾಶಿನಿಗಳ ಹಾದಿ ಹಿಡಿಯುತ್ತದೆ.

ಆಕ್ಷೇಪಗಳಿಗೆ ಉತ್ತರ

‘ದುಡಿದ ದುಡ್ಡು, ಇಷ್ಟಬಂದದ್ದನ್ನು ಕೊಳ್ಳುವುದು ಅವರವರ ಸ್ವಾತಂತ್ರ್ಯ’ ಎನ್ನುವವರಿದ್ದಾರೆ. ಮುಚ್ಚಿದ ಪೆಟ್ಟಿಗೆಯಲ್ಲಿ ಏನಿದೆಯೆಂದು ತಿಳಿಯದವನ ಆಯ್ಕೆಯನ್ನು ಸ್ವಾತಂತ್ರ್ಯವೆಂದು ಕರೆಯುವುದು ಹೇಗೆ? ಹೊಗೆ ಕುಡಿಯುವ ನೆರೆಮನೆಯವರಿಗೆ ಆ ಸ್ವಾತಂತ್ರ್ಯದಲ್ಲಿ ಪಾಲೆಷ್ಟು?

‘ಇದು ಚೀನಾ ವಿರೋಧದ ಕೂಗು’ ಎಂದೂ ಕೆಲವರು ಹಳಿಯಬಹುದು. ಬೀನಿ ಬೇಬೀಸ್ ಮಾರಿದ್ದು ಅಮೆರಿಕದ ಕಂಪನಿ. ನಾಳೆ ಬೆಂಗಳೂರಿನ ಕಂಪನಿಯೊಂದು ಇದೇ ಜೂಜನ್ನು ಕನ್ನಡದ ಹೆಸರಿನಲ್ಲಿ ತಂದರೆ ಅದೂ ಇಷ್ಟೇ ಖಂಡನೀಯ. ಯಂತ್ರದ ಮುಂದೆ ನಿಂತು ಬೊಂಬೆಗೆ ಕಣ್ಣು ಬರೆಯುವ ಚೀನಾದ, ವಿಯೆಟ್ನಾಮಿನ ಕಾರ್ಮಿಕರ ಮೇಲೆ ಮಲೆನಾಡಿನವರಿಗೆ ಹಗೆಯಿಲ್ಲ. ಅವರಿಗೆ ಸಲ್ಲುವ ಪಾಲು ಎಷ್ಟು ಚಿಕ್ಕದೆಂಬುದು ಆ 70 ರೂಪಾಯಿಯ ಲಾಭದ ಲೆಕ್ಕದಲ್ಲೇ ಇದೆ.

‘ಅಂಚೆಚೀಟಿ, ನಾಣ್ಯ ಸಂಗ್ರಹಿಸುವುದಿಲ್ಲವೇ?’ ಎಂಬುದು ಮೂರನೆಯ ಪ್ರಶ್ನೆ. ಅಂಚೆಚೀಟಿ ಒಮ್ಮೆ ಪತ್ರವನ್ನು ಹೊತ್ತು ತನ್ನ ಕೆಲಸ ಮುಗಿಸಿ ಬಂದದ್ದು. ನಾಣ್ಯ ಸಾವಿರ ಕೈ ದಾಟಿ ಬಂದದ್ದು. ಸಂಗ್ರಹಕಾರ ಅವುಗಳ ಎರಡನೆಯ ಬಾಳನ್ನು ಕಾಪಾಡುತ್ತಾನೆ. ಕೂಡಿಡುವುದಕ್ಕೆಂದೇ ಹುಟ್ಟಿಸಿದ, ಪೆಟ್ಟಿಗೆ ಒಡೆದರೆ ಬೆಲೆ ತಗ್ಗುವ ಬೊಂಬೆಗೆ ಮೊದಲ ಬಾಳೇ ಇಲ್ಲ.

ಉಳಿಸು, ಬೆಳೆಸು, ಬಳಸು

1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತಾಗ ಅಪ್ಪಿಕೋ ಚಳವಳಿ ಮಲೆನಾಡಿಗೆ ಮೂರು ಮಾತುಗಳನ್ನು ಕೊಟ್ಟಿತು: ಉಳಿಸು, ಬೆಳೆಸು, ಬಳಸು. ಕಾಡಿಗೆ ಹೇಳಿದ ಆ ಮಾತುಗಳಿಂದ ಒಂದು ಆಟಿಕೆಯನ್ನೂ ಅಳೆಯಬಹುದು.

ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣದಲ್ಲಿ ಆಲೆ ಮರದ ತುಂಡನ್ನು ಚರಕಿಗೆ ಕೊಟ್ಟು, ತಿರುಗುವ ಕಟ್ಟಿಗೆಗೆ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ, ಉಜ್ಜಾಟದ ಬಿಸಿಯಲ್ಲೇ ಕರಗಿಸಿ ಲೇಪಿಸುತ್ತಾರೆ. ಆಲೆ ಮರ ಕಡಿದರೆ ಚಿಗುರುತ್ತದೆ. ಅರಗು ಕೀಟದ ಕೊಡುಗೆ. ಒಡೆದ ಬೊಂಬೆ ಮಣ್ಣಿಗೆ ಮರಳುತ್ತದೆ. 2005-06ರಲ್ಲೇ ಭೌಗೋಳಿಕ ಗುರುತು ಪಡೆದ ಈ ಕಸುಬು ಅಗ್ಗದ ಪ್ಲಾಸ್ಟಿಕ್ ಆಮದಿನ ಏಟಿಗೆ ಎಷ್ಟೋ ಚರಕಿಗಳನ್ನು ನಿಲ್ಲಿಸಿತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಹೊಸ ಹೆದ್ದಾರಿ ಪಟ್ಟಣವನ್ನು ಬದಿಗೆ ಸರಿಸಿ ಹಾದುಹೋದ ಮೇಲೆ ರಸ್ತೆಬದಿಯ ಬೊಂಬೆ ಅಂಗಡಿಗಳು ಗಿರಾಕಿಗಳಿಲ್ಲದೆ ಸೊರಗಿವೆ. ಕೊಪ್ಪಳದ ಕಿನ್ನಾಳದ ಬೊಂಬೆಗಾರರ ಪಾಡೂ ಸುಖದ್ದೇನಲ್ಲ. ಒಂದು ವಿದೇಶಿ ಬೊಂಬೆಗೆ ಹೋಗುವ ಹಣದಲ್ಲಿ ಅಲ್ಲಿನ ಕುಶಲಕರ್ಮಿಯ ಕೈಯಿಂದ ಬೊಂಬೆಗಳ ಒಂದು ಬುಟ್ಟಿಯನ್ನೇ ಮನೆಗೆ ತರಬಹುದು. ಅವುಗಳನ್ನು ಮಗು ಕಚ್ಚಬಹುದು, ಉರುಳಿಸಬಹುದು, ತಮ್ಮನಿಗೆ ದಾಟಿಸಬಹುದು.

ಕಾಸು ಕೊಡದೆಯೂ ಮಲೆನಾಡಿನ ಮಕ್ಕಳು ತಲೆಮಾರುಗಳಿಂದ ಆಡಿದ್ದಾರೆ. ಅಡಿಕೆ ಹಾಳೆಯ ಮೇಲೆ ತಂಗಿಯನ್ನು ಕೂಡಿಸಿ ಅಂಗಳದುದ್ದ ಎಳೆದ ಬಂಡಿ, ಬಿದಿರಿನ ಪೆಟ್ಲು, ತೆಂಗಿನ ಗರಿಯ ಗಿರಗಟ್ಟಲೆ, ಅಜ್ಜ ಕೆತ್ತಿಕೊಟ್ಟ ಬುಗುರಿ. ಇವುಗಳನ್ನು ಮಾಡುವಾಗ ಮಗು ಮರವನ್ನು ಗುರುತಿಸುತ್ತಿತ್ತು, ಕತ್ತಿ ಹಿಡಿಯಲು ಕಲಿಯುತ್ತಿತ್ತು, ಹಿರಿಯರ ಪಕ್ಕ ಒಂದು ಗಳಿಗೆ ಕೂರುತ್ತಿತ್ತು. ಆ ವಿದ್ಯೆ ಒಂದು ತಲೆಮಾರಿನಲ್ಲಿ ಕಡಿದುಹೋದರೆ ಮತ್ತೆ ಚಿಗುರುವುದು ಕಷ್ಟ.

ಆದ್ದರಿಂದ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಕಾಲೇಜಿನ ವಿದ್ಯಾರ್ಥಿ ಸಂಘಗಳು ಮುಚ್ಚಿದ ಪೆಟ್ಟಿಗೆಯ ಗಣಿತವನ್ನು ತರಗತಿಯ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಲಿ. ಗ್ರಾಮಸಭೆಗಳು ಬಚ್ಚಲ ಒಲೆಗೆ ಪ್ಲಾಸ್ಟಿಕ್ ಹಾಕುವುದಿಲ್ಲವೆಂದು ನಿರ್ಣಯಿಸಲಿ. ಮಹಿಳಾ ಸ್ವಸಹಾಯ ಸಂಘಗಳು, ಶಾಲಾ ಸಮಿತಿಗಳು ಬೇಸಿಗೆಯಲ್ಲಿ ಹಿರಿಯರನ್ನು ಕರೆಸಿ ಬುಗುರಿ, ಪೆಟ್ಲು ಮಾಡುವ ಶಿಬಿರ ನಡೆಸಲಿ. ಲಾಟರಿಯನ್ನು ನಿಷೇಧಿಸಿದ ರಾಜ್ಯ ಸರ್ಕಾರ ಮುಚ್ಚಿದ ಪೆಟ್ಟಿಗೆಯನ್ನೂ ಜೂಜೆಂದು ಪರಿಗಣಿಸಿ, ಮಕ್ಕಳಿಗೆ ಅದರ ಮಾರಾಟವನ್ನು ತಡೆಯಲು ಮುಂದಾಗಲಿ. ಅಂಗಡಿಜಾಲಗಳು ಸುಂಕ, ತೆರಿಗೆ, ಶುಲ್ಕಗಳೆಲ್ಲ ಸೇರಿದ ಪೂರ್ಣ ಬೆಲೆಯನ್ನು ಗುಂಡಿ ಒತ್ತುವ ಮೊದಲೇ ತೋರಿಸಬೇಕೆಂಬ ನಿಯಮ ಬರಲಿ.

ದೂರದ ಬೆಟ್ಟ ನುಣ್ಣಗೆ ಕಾಣುತ್ತದೆಂಬ ಗಾದೆಯನ್ನು ಬೆಟ್ಟದ ಜನರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಹತ್ತಿರ ಹೋದಾಗ ಕಲ್ಲು, ಮುಳ್ಳು, ಜಿಗಣೆಗಳು ಎದುರಾಗುವುದನ್ನು ಅವರು ದಿನವೂ ಕಂಡವರು. ದೂರದ ಬೊಂಬೆಯೂ ಅಷ್ಟೇ. ಪರದೆಯ ಮೇಲೆ ನುಣ್ಣಗೆ ನಗುವ ಅದರ ಹಿಂದೆ ತಾಯಿಯ ಹದಿಮೂರು ದಿನದ ಕೂಲಿಯಿದೆ, ಚನ್ನಪಟ್ಟಣದ ನಿಂತ ಚರಕಿಯಿದೆ, ಬಚ್ಚಲ ಒಲೆಯ ಕಪ್ಪು ಹೊಗೆಯಿದೆ. ಇದನ್ನು ಕಂಡ ಮೇಲೂ ಕೊಳ್ಳಬೇಕೆಂದೆನಿಸಿದರೆ ಕೊಳ್ಳಬಹುದು. ಆದರೆ ಕಾಣದೆ ಕೊಂಡೆವೆಂಬ ಮಾತು ಇನ್ನು ಮುಂದೆ ಯಾರಿಗೂ ಉಳಿಯಬಾರದು.